ಮಂಗಳವಾರ ಆರೋಗ್ಯ, ಉಳಿದ ದಿನ ವರದಿ

2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಹೆಸರಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಪ್ರತಿ ಶಾಲೆಗೂ ಇಬ್ಬರು ಆರೋಗ್ಯ ರಾಯಭಾರಿಗಳು, ಆದಷ್ಟು ಒಬ್ಬರು ಮೇಷ್ಟ್ರು, ಒಬ್ಬರು ಟೀಚರ್. ಮಕ್ಕಳು ಆರೋಗ್ಯ ದೂತರು. 11 ವಿಷಯ, ವಾರಕ್ಕೊಂದು ಗಂಟೆ, ಮಂಗಳವಾರ ಆರೋಗ್ಯದ ದಿನ. ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಕೊರೊನಾ ಬಂದು ಶಾಲೆಗಳಿಗೇ ಬೀಗ ಬಿತ್ತು. ಶಕುನ ನಂಬುವವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಸರ್ಕಾರ ಅಂಥದ್ದನ್ನೆಲ್ಲ ನಂಬುವುದಿಲ್ಲ.

ರಾಯಭಾರಿಯನ್ನು ಆರಿಸುವ ವಿಧಾನ ಬಹಳ ಸರಳ. ಆರಿಸುವ ದಿನ ಯಾರು ರಜೆ ಹಾಕಿದ್ದರೋ ಅವರು. ಮಾರನೇ ದಿನ ಬಂದು ನೋಡಿದರೆ ಹೆಸರು ಆಗಲೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿರುತ್ತದೆ. "ನಂಗ್ಯಾಕೆ ಸಾರ್, ನಾನು ಹಿಂದಿ ಮೇಷ್ಟ್ರು" ಅಂದರೆ, "ವಾರಕ್ಕೆ ಒಂದೇ ಗಂಟೆ ಅಲ್ವಾ, ಹೊಂದಿಸ್ಕೊಳ್ಳಿ" ಅನ್ನುತ್ತಾರೆ ಹೆಡ್ ಮೇಷ್ಟ್ರು. ಎಲ್ಲಿಂದ ಹೊಂದಿಸುವುದು? ಗಣಿತ ಮುಟ್ಟುವ ಹಾಗಿಲ್ಲ, ವಿಜ್ಞಾನ ಮುಟ್ಟುವ ಹಾಗಿಲ್ಲ. ಸಿಗುವುದು ಪಿಟಿ ಪಿರಿಯಡ್ ಒಂದೇ. ಹಾಗಾಗಿ ಕಬಡ್ಡಿ ಆಡುತ್ತಿದ್ದ ಮಕ್ಕಳನ್ನು ಒಳಗೆ ಕರೆದು, ಕೈಕಟ್ಟಿ ಕೂರಿಸಿ, ಮಕ್ಕಳಿಗೆ ವ್ಯಾಯಾಮ ಎಷ್ಟು ಮುಖ್ಯ ಅಂತ ಪಾಠ ಮಾಡಲಾಗುತ್ತದೆ.

ಪಾಠಕ್ಕಿಂತ ಮುಂಚೆ ರಾಯಭಾರಿಗೆ ಬೇರೆ ಕೆಲಸಗಳಿವೆ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು. 2013ರಿಂದ ಬರುತ್ತಿರುವ ಒಳ್ಳೆಯ ಯೋಜನೆ, 18 ಗ್ರಾಂ ಪುಡಿಗೆ 150 ಮಿಲಿ ಹಾಲು. 2024ರಿಂದ ಕೆಲವು ದಿನ ಅದಕ್ಕೆ ರಾಗಿ ಮಾಲ್ಟ್. ಎಷ್ಟು ಪುಡಿ ಬಂತು, ಎಷ್ಟು ಕರಗಿತು, ಎಷ್ಟು ಉಳಿಯಿತು ಎಲ್ಲವೂ ರಿಜಿಸ್ಟರ್‌ಗೆ. ಆಮೇಲೆ ಮೊಟ್ಟೆ.

ಮೊಟ್ಟೆಯ ಬಗ್ಗೆ ನನ್ನ ತಕರಾರೇನೂ ಇಲ್ಲ. ತಕರಾರಿರುವುದು ಮೊಟ್ಟೆ ಅಂದ ಕೂಡಲೇ ಮೈಮೇಲೆ ಬಂದವರಂತೆ ಆಡುವವರ ಬಗ್ಗೆ. 2021ರಲ್ಲಿ ಕೆಲವು ಜಿಲ್ಲೆಗಳ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಟಿವಿಯಲ್ಲಿ ಯಾರ್ಯಾರ ಮನಸ್ಸಿಗೆ ಎಷ್ಟೆಷ್ಟು ನೋವಾಯಿತು ಅಂತ ರಾತ್ರಿಯೆಲ್ಲ ಚರ್ಚೆ ನಡೆಯಿತು. ಮಕ್ಕಳಿಗೆ ಹಸಿವಾಗಿದೆಯಾ ಅಂತ ಕೇಳಿದವರು ಕಮ್ಮಿ. ಹೇಗೋ ಮೊಟ್ಟೆ ಗೆದ್ದಿತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಲ್ಲಿ ವಾರಕ್ಕೆ ಆರು ದಿನ. ತಿನ್ನದವರಿಗೆ ಬಾಳೆಹಣ್ಣು.

ತಮಾಷೆ ಇರುವುದು ಲೆಕ್ಕದಲ್ಲಿ. ಒಂದು ಮೊಟ್ಟೆಗೆ 6 ರೂಪಾಯಿ ಅಂತ ಇಟ್ಟರು. ಅದರಲ್ಲೇ ಕೊಳ್ಳಬೇಕು, ಬೇಯಿಸಬೇಕು, ಸುಲಿಯಬೇಕು. ಸುಲಿಯುವುದಕ್ಕೂ ಪೈಸೆ ಲೆಕ್ಕದಲ್ಲಿ ದರ ಇದೆ! ಕೋಳಿಗಳು ಸುತ್ತೋಲೆ ಓದುವುದಿಲ್ಲವಾದ್ದರಿಂದ ಅಂಗಡಿಯಲ್ಲಿ ರೇಟು ಆಗಾಗ ಅದಕ್ಕಿಂತ ಮೇಲೆ ಹೋಗುತ್ತದೆ. ಆಗ ಪೌಷ್ಟಿಕತೆಯ ಬಾಕಿ ಹಣ ಹೆಡ್ ಮೇಷ್ಟ್ರ ಜೇಬಿನಿಂದ ಬರುತ್ತದೆ. ಬಿಸಿ ನೀರಿನಿಂದ ಎತ್ತಿದ ಮೊಟ್ಟೆಯನ್ನು ಎರಡೂ ಅಂಗೈ ನಡುವೆ ಹೊರಳಿಸಿ, ಉಫ್ ಅಂತ ಊದಿಕೊಂಡು ಸುಲಿಯುವ ಅಡುಗೆ ಅಕ್ಕನಿಗೆ 2025ರ ಬಜೆಟ್‌ನಲ್ಲಿ ಸಾವಿರ ರೂಪಾಯಿ ಏರಿಸಿದ ಮೇಲೂ ಗೌರವಧನ ತಿಂಗಳಿಗೆ ಐದು ಸಾವಿರ ಮುಟ್ಟಲಿಲ್ಲ. ಆ ಅಕ್ಕನ ಬಿಪಿ, ಶುಗರ್ ಎಷ್ಟಿದೆ ಅಂತ ಬರೆಯಲು ಯಾವ ರಿಜಿಸ್ಟರ್‌ನಲ್ಲೂ ಕಾಲಂ ಇಲ್ಲ.

ಮಗು ಮೊಟ್ಟೆಯನ್ನು ಬಾಯಿಗಿಡುವಷ್ಟರಲ್ಲಿ "ತಡಿ ತಡಿ, ಇನ್ನೊಂದ್ಸಲ" ಅಂತ ರಾಯಭಾರಿ ಕೂಗುತ್ತಾರೆ. ಜಿಪಿಎಸ್ ಫೋಟೋ ಬೇಕು. ದಿನಾಂಕ, ಸಮಯ, ಅಕ್ಷಾಂಶ, ರೇಖಾಂಶ ಎಲ್ಲ ಕೆಳಗೆ ಬರಬೇಕು. ಮಗು ಕಚ್ಚಿದ್ದನ್ನು ಬಾಯಿಂದ ತೆಗೆದು ಮತ್ತೆ ಕಚ್ಚುತ್ತದೆ. ನೆಟ್‌ವರ್ಕ್ ಸಿಗದ ಊರಲ್ಲಿ ಮೇಷ್ಟ್ರು ನೀರಿನ ಟ್ಯಾಂಕ್ ಹತ್ತಿ ಆ ಮೊಟ್ಟೆಯನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಕಳಿಸುತ್ತಾರೆ. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಹೆಬ್ಬೆರಳು ಒತ್ತುತ್ತಾರೆ. ಆರೋಗ್ಯ ತಲುಪಿತು.

ಇನ್ನು ವಾಟರ್ ಬೆಲ್. 2019ರಲ್ಲಿ ಕೇರಳದಲ್ಲಿ ಸುದ್ದಿಯಾಗಿ ನಮ್ಮಲ್ಲಿಗೂ ಬಂದದ್ದು. ಗಂಟೆ ಹೊಡೆದಾಗ ಮಕ್ಕಳೆಲ್ಲ ನೀರು ಕುಡಿಯಬೇಕು. ಡಾಕ್ಟರುಗಳೂ ಹೌದು ಅನ್ನುವ ಮಾತು. ನೀರು ಕಮ್ಮಿ ಕುಡಿದರೆ ಉರಿಮೂತ್ರ, ತಲೆನೋವು. ಗಂಟೆ ಹೊಡೆಯುತ್ತದೆ, ಹುಡುಗರು ಗಟಗಟ ಕುಡಿಯುತ್ತಾರೆ. ಎಂಟನೇ ಕ್ಲಾಸಿನ ಹುಡುಗಿಯರು ಬಾಟಲಿ ಎತ್ತಿ ತುಟಿ ಒದ್ದೆ ಮಾಡಿಕೊಂಡು ಮುಚ್ಚಳ ತಿರುಗಿಸುತ್ತಾರೆ. ಅವರಿಗೆ ಗೊತ್ತು, ನೀರಿಗೆ ಗಂಟೆ ಇದೆ, ಆಮೇಲಿನದ್ದಕ್ಕೆ ಬೀಗ ಇದೆ.

ಬೀಗ ಯಾಕೆ ಅಂದರೆ, ತೆರೆದಿಟ್ಟರೆ ಗಲೀಜಾಗುತ್ತದೆ. ಗಲೀಜಾದರೆ ತೊಳೆಯಬೇಕು. ಮಕ್ಕಳ ಕೈಲಿ ತೊಳೆಸಬಾರದು, ಅದು ಸರಿಯೇ, ತೊಳೆಸಿದವರ ಮೇಲೆ ಕ್ರಮ ಆಗಲೇಬೇಕು. ಹಾಗಾದರೆ ಯಾರು ತೊಳೆಯಬೇಕು? ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಅದಕ್ಕಂತ ಒಬ್ಬ ನೌಕರ ಇಲ್ಲ. ಯಾರು ತೊಳೆಯಬಾರದು ಅಂತ ಸುತ್ತೋಲೆ ಹೇಳುತ್ತದೆ, ಯಾರು ತೊಳೆಯಬೇಕು ಅಂತ ಹೇಳುವುದಿಲ್ಲ. ಹಾಗಾಗಿ ಯಾರೂ ಬಳಸದ ಶೌಚಾಲಯವೇ ಎಲ್ಲಕ್ಕಿಂತ ಸ್ವಚ್ಛ ಶೌಚಾಲಯ. ತಪಾಸಣೆಯ ದಿನ ಕೀಲಿ ಹೊರಗೆ ಬರುತ್ತದೆ, ಫಿನಾಯಿಲ್ ವಾಸನೆ ಗೇಟಿನ ತನಕ ಬರುತ್ತದೆ. 2023ರಲ್ಲಿ ಹೈಕೋರ್ಟ್ ಸರ್ಕಾರಿ ಶಾಲೆಗಳ ಶೌಚಾಲಯ, ಕುಡಿಯುವ ನೀರಿನ ವಿಚಾರಕ್ಕೆ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತ್ತು. ವರದಿ ಸಲ್ಲಿಸಿದ್ದಾರೆ. ವರದಿ ಸಲ್ಲಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಶುಚಿ ಯೋಜನೆಯದ್ದೂ ಇದೇ ಕತೆ. ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್ ಕೊಡುವ ಯೋಜನೆ ಕೊರೊನಾ ಕಾಲದಲ್ಲಿ ನಿಂತಿದ್ದು ಮತ್ತೆ ಶುರುವಾಗಿದ್ದು 2024ರಲ್ಲಿ. ಅಲ್ಲಿಯ ತನಕ ಮುಟ್ಟೂ ಮುಂದಕ್ಕೆ ಹೋಗಿತ್ತು ಅಂತ ಇಲಾಖೆ ತಿಳಿದಿರಬೇಕು.

ಖಾಸಗಿ ಶಾಲೆಯವರು ನಗಬೇಕಿಲ್ಲ. 2025ರ ಮೇನಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ ಶುಗರ್ ಬೋರ್ಡ್ ಹಾಕಿ ಅಂತ ಹೇಳಿತು. ಮಕ್ಕಳಿಗೆ ದಿನದ ಶಕ್ತಿಯಲ್ಲಿ ಸಕ್ಕರೆಯಿಂದ ಬರಬಹುದಾದದ್ದು ಹೆಚ್ಚೆಂದರೆ ಶೇ 5, ಬರುತ್ತಿರುವುದು 11ರಿಂದ 18 ವರ್ಷದ ಮಕ್ಕಳಲ್ಲಿ ಶೇ 15 ಅಂತ ಅದೇ ಪತ್ರದಲ್ಲಿದೆ. ಗಾಬರಿ ಆಗಬೇಕಾದ ಅಂಕಿ. ಬೋರ್ಡ್ ಬಂತು, ಬಣ್ಣಬಣ್ಣದ್ದು. ಯಾವ ಪಾನೀಯದಲ್ಲಿ ಎಷ್ಟು ಚಮಚ ಸಕ್ಕರೆ ಅಂತ ಬಾಟಲಿ ಚಿತ್ರದ ಸಮೇತ. ಮಕ್ಕಳು ಅದನ್ನು ಕ್ಯಾಂಟೀನ್ ಮೆನು ಅಂದುಕೊಂಡು ಓದುತ್ತಿದ್ದಾರೆ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಉಪ್ಪು, ಸಕ್ಕರೆ, ಎಣ್ಣೆ ಜಾಸ್ತಿ ಇರುವ ತಿನಿಸು ಮಾರಬಾರದು ಅನ್ನುವ ನಿಯಮವೂ ಇದೆ. ಪೆಟ್ಟಿಗೆ ಅಂಗಡಿಯವನು ತಿಳಿದವನು, 51ನೇ ಮೀಟರಿನಲ್ಲಿದ್ದಾನೆ. ಅಲ್ಲಿಗೆ ನಡೆದು ಹೋಗುವುದೇ ಎಷ್ಟೋ ಮಕ್ಕಳಿಗೆ ದಿನದ ವ್ಯಾಯಾಮ, ಯಾಕೆಂದರೆ ಶಾಲೆಯ ಆಟದ ಮೈದಾನದ ಮೇಲೆ ಈಗ ಇಂಟರ್‌ನ್ಯಾಷನಲ್ ಬ್ಲಾಕ್ ಎದ್ದಿದೆ.

2019ರಲ್ಲಿ ಬ್ಯಾಗಿನ ತೂಕಕ್ಕೂ ಆದೇಶ ಬಂದಿತ್ತು. ಒಂದು, ಎರಡನೇ ತರಗತಿಗೆ 2 ಕೆಜಿ ದಾಟಬಾರದು, ಒಂಬತ್ತು, ಹತ್ತಕ್ಕೆ 5 ಕೆಜಿ. ನಿಮ್ಮ ಮಗುವಿನ ಬ್ಯಾಗನ್ನು ಒಮ್ಮೆ ಎತ್ತಿ ನೋಡಿ. ನಿಮ್ಮ ಸೊಂಟದ ಆರೋಗ್ಯಕ್ಕೆ ನಾನು ಜವಾಬ್ದಾರನಲ್ಲ.

ಈಗ ಸಿಬ್ಬಂದಿಯ ಕ್ಷೇಮಕ್ಕೆ ಬರೋಣ, ಬೇಗ ಮುಗಿಯುತ್ತದೆ. ಜೂನ್ 21ಕ್ಕೆ ಯೋಗ. ಅಷ್ಟೇ. ಉಳಿದಂತೆ 2025ರ ಸೆಪ್ಟೆಂಬರ್ 22ರಿಂದ ಅವರು 60 ಪ್ರಶ್ನೆ ಹಿಡಿದು ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಅಲೆದರು. ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದು ಮಕ್ಕಳನ್ನು ಮನೆಯಲ್ಲೇ ಬಿಟ್ಟರು, ಮೇಷ್ಟ್ರನ್ನು ಬೀದಿಗೆ ಬಿಟ್ಟರು. ನಡಿಗೆ ಹೃದಯಕ್ಕೆ ಒಳ್ಳೆಯದು ಅಂತ ಪಾಠ ಮಾಡಿದವರೇ ತಾನೇ, ಆಡುವಂತಿಲ್ಲ, ಅನುಭವಿಸುವಂತಿಲ್ಲ. ವಾಪಸ್ ಬಂದವರಿಗೆ ಒತ್ತಡ ನಿರ್ವಹಣೆಯ ಆನ್‌ಲೈನ್ ತರಬೇತಿ ಕಾದಿರುತ್ತದೆ. ಕಡ್ಡಾಯ ಹಾಜರಾತಿ. ತಪ್ಪಿದರೆ ನೋಟಿಸ್. ಟೀಚರಮ್ಮ ಕ್ಯಾಮೆರಾ ಆಫ್ ಮಾಡಿ, ಒಂದು ಕಿವಿಯಲ್ಲಿ "ದೀರ್ಘವಾಗಿ ಉಸಿರೆಳೆದುಕೊಳ್ಳಿ" ಕೇಳುತ್ತಾ, ಹಾಲಿನ ಪುಡಿಯ ಲೆಕ್ಕ ತಾಳೆ ನೋಡುತ್ತಾರೆ. ಅವರೂ ಬೆಳಿಗ್ಗೆಯಿಂದ ನೀರು ಕುಡಿದಿಲ್ಲ. ಕಾರಣ ಆ ಎಂಟನೇ ಕ್ಲಾಸಿನ ಹುಡುಗಿಯರದ್ದೇ.

ಸಂಜೆ ನಾಲ್ಕಕ್ಕೆ ಗ್ರೂಪಿನಲ್ಲಿ ಲಿಂಕ್ ಬರುತ್ತದೆ. ತುರ್ತು, ಐದರೊಳಗೆ ತುಂಬಿ. ಶೌಚಾಲಯ ಬಳಕೆಯಲ್ಲಿದೆಯೇ? ಹೌದು, ಇಲ್ಲ. "ಇಲ್ಲ" ಒತ್ತಿದರೆ ಕಾರಣ ಬರೆಯಬೇಕು, ಫೋಟೋ ಹಾಕಬೇಕು, ನಾಳೆ ಬಿಇಒ ಆಫೀಸಿಗೆ ಹೋಗಿ ಸಮಜಾಯಿಷಿ ಕೊಡಬೇಕು. ರಾಯಭಾರಿಗೆ ಐದೂ ಹತ್ತರ ಬಸ್ಸು ಹಿಡಿಯಬೇಕು. ಹೌದು ಒತ್ತುತ್ತಾರೆ.