ಪೇಟೆಂಟ್ ಬಿಟ್ಟುಕೊಟ್ಟರೆ ಸಾಲದು

ಕಳೆದ ದೀಪಾವಳಿಗೆ ಊರಿಗೆ ಬಂದಿದ್ದಾಗ, ಕುಂದಗೋಳದ ಹತ್ತಿರ ದೊಡ್ಡಪ್ಪನ ಮೆಣಸಿನಕಾಯಿ ಹೊಲಕ್ಕೆ ಡ್ರೋನಿನಿಂದ ಔಷಧಿ ಹೊಡೆಸುತ್ತಿದ್ದರು. ನಡುಹೊಲದಲ್ಲಿ ರಿಮೋಟಿನ ಸಂಪರ್ಕ ಕಡಿದಾಗ ಯಂತ್ರವು ಹೊರಟ ಜಾಗಕ್ಕೆ ತಾನೇ ಮರಳಿ ಬಂದಿತಾದರೂ, ಯಾವ ಸಾಲಿನಲ್ಲಿ ಸಿಂಪರಣೆ ನಿಂತಿತ್ತೆಂಬುದು ಅದಕ್ಕೆ ನೆನಪಿರಲಿಲ್ಲ. “ಲಿಂಕ್ ಹೋತ್ರಿ” ಎಂದ ಹುಡುಗ ಅಂದಾಜಿನ ಮೇಲೆ ಮತ್ತೆ ಹಾರಿಸಿದ. ಕೆಲವು ಸಾಲುಗಳಿಗೆ ಔಷಧಿ ಎರಡು ಸಲ ಬಿತ್ತು, ಕೆಲವಕ್ಕೆ ಬೀಳಲೇ ಇಲ್ಲ.

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮಾನವರಹಿತ ವಾಹನಗಳ ನಿಯಂತ್ರಣ ತಂತ್ರಾಂಶ ಬರೆದು ಹೊಟ್ಟೆ ಹೊರೆಯುವ ನನಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಸಂಪರ್ಕ ತಪ್ಪಿದ ವಾಹನ ಮುಂದೇನು ಮಾಡಬೇಕೆಂಬುದು ರಕ್ಷಣಾ ಪ್ರಯೋಗಾಲಯಗಳು ದಶಕಗಳಿಂದ ತಲೆ ಕೆಡಿಸಿಕೊಂಡಿರುವ ಪ್ರಶ್ನೆ, ಏಕೆಂದರೆ ರಣರಂಗದಲ್ಲಿ ಶತ್ರು ಕೈಹಾಕುವುದು ರೇಡಿಯೋ ಸಂಪರ್ಕಕ್ಕೇ. ಲಕ್ಷ್ಯ, ನಿಶಾಂತ್ ಎಂಬ ಮಾನವರಹಿತ ವಿಮಾನಗಳನ್ನು ರೂಪಿಸಿದ, ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯ ಇರುವುದು ಬೆಂಗಳೂರಿನಲ್ಲಿ, ಅದರ ಹಾರಾಟ ಪರೀಕ್ಷೆಯ ನೆಲೆ ಚಳ್ಳಕೆರೆಯ ಬಳಿ. ಹುಬ್ಬಳ್ಳಿಯಿಂದ ಅಲ್ಲಿಗೆ ಒಂದು ಹಗಲಿನ ದಾರಿಯೂ ಅಲ್ಲ.

ಡಿಆರ್‌ಡಿಒ 2019ರಲ್ಲಿ ತನ್ನ ಪೇಟೆಂಟ್‌ಗಳನ್ನು ಭಾರತೀಯ ಉದ್ದಿಮೆಗಳಿಗೆ ಉಚಿತವಾಗಿ ತೆರೆದಿಟ್ಟಿತು. ಒಳ್ಳೆಯದೇ. ಆದರೆ ಪೇಟೆಂಟ್ ಓದಿ ನಿಯಂತ್ರಣ ತಂತ್ರಾಂಶ ಬರೆಯುವುದು, ಪುಸ್ತಕ ಓದಿ ಜೋಳದ ರೊಟ್ಟಿ ಬಡಿದಂತೆ. ಹಿಟ್ಟು ಎಷ್ಟು ನಾದಬೇಕೆಂಬುದು ಅವ್ವನ ಪಕ್ಕ ಕೂತವರಿಗೇ ಗೊತ್ತು.

ಅಮೆರಿಕದ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಆ ಪಕ್ಕ ಕೂರುವಿಕೆ. ಅಲ್ಲಿ ಸರ್ಕಾರಿ ನೌಕರ ಕರ್ತವ್ಯದ ಭಾಗವಾಗಿ ಬರೆದ ಕೋಡಿಗೆ ದೇಶದೊಳಗೆ ಕೃತಿಸ್ವಾಮ್ಯವೇ ಇಲ್ಲ. ನಮ್ಮಲ್ಲಾದರೆ 1957ರ ಕಾಯ್ದೆಯ ಪ್ರಕಾರ ಸರ್ಕಾರಿ ಕೃತಿಯ ಹಕ್ಕು 60 ವರ್ಷ ಸರ್ಕಾರದ್ದೇ. 1986ರ ಅಲ್ಲಿನ ಕಾನೂನು ಸರ್ಕಾರಿ ಪ್ರಯೋಗಾಲಯವೂ ಖಾಸಗಿ ಕಂಪನಿಯೂ ಒಪ್ಪಂದ ಮಾಡಿಕೊಂಡು ಒಂದೇ ಮೇಜಿನಲ್ಲಿ ಸಂಶೋಧನೆ ನಡೆಸಲು ದಾರಿ ಮಾಡಿತು. ಪರವಾನಗಿಯಿಂದ ಬರುವ ರಾಯಧನದಲ್ಲಿ ಕನಿಷ್ಠ ಶೇ. 15ರಷ್ಟನ್ನು ಆವಿಷ್ಕಾರ ಮಾಡಿದ ವಿಜ್ಞಾನಿಗೇ ಕೊಡಬೇಕೆಂದೂ ವಿಧಿಸಿತು. ತನ್ನ ಪಾಲಿರುವ ಸರಕು ಕೆಟ್ಟಾಗ ಫೋನ್ ಎತ್ತದವರು ಕಡಿಮೆ.

ಆ ಪದ್ಧತಿ ದೋಷರಹಿತವೇನಲ್ಲ. ವಿದೇಶಿಯರಿಗೆ ರಕ್ಷಣಾ ತಂತ್ರಜ್ಞಾನ ತೋರಿಸುವುದನ್ನೂ ರಫ್ತೆಂದೇ ಎಣಿಸುವ ಅಲ್ಲಿನ ನಿಯಮಗಳಿಂದಾಗಿ, ಗ್ರೀನ್ ಕಾರ್ಡ್ ಕೈಸೇರುವವರೆಗೂ ನಮ್ಮ ತಂಡದ ಕೆಲವು ಕಡತಗಳನ್ನು ತೆರೆಯುವ ಹಕ್ಕು ನನಗಿರಲಿಲ್ಲ. ಸಭೆ ಆ ವಿಷಯಕ್ಕೆ ಬಂದೊಡನೆ ನಾನು ಚಹಾ ಕುಡಿಯಲು ಎದ್ದು ಹೋಗಬೇಕಿತ್ತು.

ನಮ್ಮಲ್ಲಿಯೂ ತಂತ್ರಜ್ಞಾನ ವರ್ಗಾವಣೆಯ ಜೊತೆಗೆ ತರಬೇತಿ ಉಂಟು. ಆದರೆ ತಂತ್ರಾಂಶವು ಒಂದು ಸಲ ಕೈಬದಲಾಗಿ ಮುಗಿಯುವ ಸರಕಲ್ಲ. ಹೊಸ ಸೆನ್ಸರ್, ಹೊಸ ಬ್ಯಾಟರಿ, ಬೇರೆ ಗಾಳಿ ಎಂದು ಅದನ್ನು ಮತ್ತೆ ಮತ್ತೆ ತಿದ್ದುತ್ತಲೇ ಇರಬೇಕಾಗುತ್ತದೆ. ಪ್ರಯೋಗಾಲಯದ ಒಬ್ಬ ಎಂಜಿನಿಯರನನ್ನು ಒಂದು ಮುಂಗಾರಿನ ಮಟ್ಟಿಗೆ ಹುಬ್ಬಳ್ಳಿ-ಧಾರವಾಡದ ಯಾವುದಾದರೂ ಸಣ್ಣ ಉದ್ದಿಮೆಗೆ ಎರವಲು ಸೇವೆಯ ಮೇಲೆ ಕಳಿಸಬಾರದೇಕೆ? ದೇಶದ ಗುಟ್ಟು ಹೊರಬೀಳುವುದೆಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ಗುರಿ ಹಿಡಿಯುವ ಕೋಡ್ ಬೀಗದೊಳಗೇ ಇರಲಿ. ನಿಂತ ಸಾಲನ್ನು ನೆನಪಿಟ್ಟುಕೊಂಡು ಅಲ್ಲಿಂದಲೇ ಮುಂದುವರಿಯುವ ಕೋಡಿನಲ್ಲಿ ಯಾವ ಶತ್ರುವಿಗೂ ಬೇಕಾದ ಗುಟ್ಟಿಲ್ಲ, ದೊಡ್ಡಪ್ಪನಿಗೆ ಮಾತ್ರ ಅದು ಬೇಕು.