ಒಣಗಲು ಬಿಟ್ಟ ಹೊತ್ತು

ಕಾಗದ, ಬಟ್ಟೆ, ದಾರ, ಬಣ್ಣ, ತುಕ್ಕು ಹಿಡಿದ ತಂತಿ ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಕೂರಿಸಿ ಚಿತ್ರ ಮಾಡುವವರಿಗೆ ಎದುರಾಗುವ ಮೊದಲ ಪ್ರಶ್ನೆ, ‘ಇದಕ್ಕೆ ಎಷ್ಟು ಹೊತ್ತು ಹಿಡೀತು?’ ಚೆನ್ನಾಗಿದೆಯೋ ಇಲ್ಲವೋ ಎಂಬುದೆಲ್ಲ ಆಮೇಲಿನ ಮಾತು. ಹಾಡುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಕವಿಗಳನ್ನಂತೂ ಕೇಳುವ ಧೈರ್ಯ ಯಾರಿಗೂ ಇಲ್ಲ, ಉತ್ತರದ ಜೊತೆ ಕವಿತೆಯನ್ನೂ ಕೇಳಿಸಿಕೊಳ್ಳಬೇಕಾದೀತು. ಕೈಕೆಲಸ ಕಂಡ ಕೂಡಲೇ ಮಾತ್ರ ಎಲ್ಲರೊಳಗಿನ ಗುಮಾಸ್ತ ಎದ್ದು ಕೂರುತ್ತಾನೆ. ನಾನು ‘ಒಂದು ವಾರ ಹಿಡೀತು’ ಎಂದುಬಿಡುತ್ತೇನೆ. ಸುಳ್ಳಂತೂ ಅಲ್ಲ. ಆದರೆ ಆ ವಾರದಲ್ಲಿ ನಾನು ಕೈಯಾಡಿಸಿದ್ದು ಎಲ್ಲ ಸೇರಿ ಒಂದು ಮಧ್ಯಾಹ್ನದಷ್ಟು. ಮಿಕ್ಕ ಹೊತ್ತೆಲ್ಲ ಅದು ಒಣಗುತ್ತಿತ್ತು.

ಹೀಗೆ ಹಲವು ವಸ್ತು ಕೂಡಿಸಿ ಮಾಡುವ ಚಿತ್ರಕ್ಕೆ ಮಿಕ್ಸೆಡ್ ಮೀಡಿಯಾ ಎಂದು ಹೆಸರು. ಹಾಗೆಂದರೆ ಕೇಳುವವರ ಕಣ್ಣಿಗೆ ಏನೋ ಗಡಿಬಿಡಿಯ ದೃಶ್ಯ ಕಟ್ಟುತ್ತದೆ. ಕೂದಲು ಕೆದರಿಕೊಂಡ ಕಲಾವಿದೆ, ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಕುಂಚ, ಕೋಣೆ ತುಂಬ ಓಡಾಟ. ಕೂದಲು ಕೆದರಿರುವುದು ನಿಜ. ಉಳಿದಂತೆ ಇದು ಒದ್ದೆಯಾಗಿರುವ ಒಂದು ವಸ್ತುವನ್ನು ಮುಟ್ಟದೆ ಇರುವ ಉದ್ಯೋಗ. ಹಲಗೆಗೆ ಜೆಸ್ಸೊ, ಅಂದರೆ ಬಣ್ಣಕ್ಕೆ ಮೊದಲಿನ ಬಿಳಿ ಅಸ್ತರು, ಬಳಿದರೆ ಬಿಡಬೇಕು. ಒಣಗಿದ ಮೇಲೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಇನ್ನೊಂದು ಕೈ ಬಳಿದು ಮತ್ತೆ ಬಿಡಬೇಕು. ಕಾಗದ ಅಂಟಿಸಿದರೆ ಬಿಡಬೇಕು, ಅದರ ಮೇಲೆ ಬಣ್ಣ ಬಳಿದರೂ ಅಷ್ಟೇ. ಆ ಬಿಟ್ಟ ಹೊತ್ತುಗಳಲ್ಲಿಯೇ ಬಟ್ಟೆ ಮಡಚುವುದು, ಬಿಲ್ಲು ಕಟ್ಟುವುದು, ಮಗಳ ಹೋಂವರ್ಕಿಗೆ ಸಹಿ ಹಾಕುವುದು, ತಿಂಗಳಿಂದ ಮುಂದೂಡಿದ ಫೋನು ಮಾಡುವುದು. ನಾನು ಸಂಸಾರ ಮತ್ತು ಕಲೆ ಎರಡನ್ನೂ ತೂಗಿಸಿಕೊಂಡು ಹೋಗುತ್ತಿದ್ದೇನೆ ಎಂದು ಯಾರಾದರೂ ಮೆಚ್ಚಿದರೆ, ಆ ಮೆಚ್ಚುಗೆಯ ಮುಕ್ಕಾಲು ಪಾಲು ಗೋಂದಿಗೆ ಸಲ್ಲಬೇಕು.

ಈ ಬಿಳಿ ಗೋಂದನ್ನು ನೋಡುತ್ತ ಕೂರುವುದು ನನಗೆ ಇಷ್ಟ. ನೀರಿನಲ್ಲಿ ತೇಲುತ್ತಿರುವ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳು ಬೆಳಕನ್ನು ಚದುರಿಸುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ನೀರು ಆರಿಹೋದಂತೆ ಕಣಗಳು ಒಂದಕ್ಕೊಂದು ಒತ್ತಿಕೊಂಡು, ಬೆಸೆದುಕೊಂಡು, ಕೊನೆಗೆ ತಿಳಿಯಾದ ಒಂದು ಪೊರೆಯಾಗುತ್ತವೆ. ಆಕ್ರಿಲಿಕ್ ಬಣ್ಣದೊಳಗಿನ ಅಂಟಿನದೂ ಇದೇ ಕತೆ. ಹಾಗಾಗಿ ಹಸಿಯಿದ್ದಾಗ ತೆಳುವಾಗಿ ಕಂಡ ಆಕ್ರಿಲಿಕ್ ನೀಲಿ ಒಣಗಿದ ಮೇಲೆ ಗಾಢವಾಗುತ್ತದೆ. ಜಲವರ್ಣದ ನೀಲಿ ಇದಕ್ಕೆ ತದ್ವಿರುದ್ಧ, ಒಣಗಿದಂತೆ ಮಾಸುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಪಕ್ಕಪಕ್ಕ ಕೂರಿಸಿ, ಆಹಾ ಎಂಥ ಹೊಂದಾಣಿಕೆ ಎಂದುಕೊಂಡು ಮಲಗಿದರೆ, ಬೆಳಗಾಗುವಷ್ಟರಲ್ಲಿ ಎರಡೂ ಮುಖ ತಿರುಗಿಸಿಕೊಂಡಿರುತ್ತವೆ.

ಹೇರ್ ಡ್ರೈಯರ್ ಇದೆಯಲ್ಲ ಎನ್ನುತ್ತಾರೆ. ಇದೆ. ತೆಳುವಾದ ಒಂದು ಕೈ ಬಣ್ಣಕ್ಕಾದರೆ ಸರಿಯೇ. ದಪ್ಪಗೆ ಬಳಿದ ಜೆಲ್ ಮೀಡಿಯಂ ಎಂಬ ಮಂದ ಆಕ್ರಿಲಿಕ್ ಅಂಟಿಗೆ ಬಿಸಿಗಾಳಿ ಹೊಡೆದರೆ ಮೇಲೊಂದು ಕೆನೆ ಕಟ್ಟಿ ಒಳಗಿನ ತೇವ ಒಳಗೇ ಉಳಿಯುತ್ತದೆ. ಕಾಗದದ ಅಡಿಯಲ್ಲಿ ಸಿಕ್ಕಿಕೊಂಡ ಗಾಳಿ ಉಬ್ಬಿ ಗುಳ್ಳೆಯಾಗುತ್ತದೆ. ಮುಟ್ಟಿದರೆ ಒಣಗಿದೆ ಎನ್ನುತ್ತದೆ, ಒತ್ತಿದರೆ ಜಾರುತ್ತದೆ. ಇಂಥ ಅರ್ಧಸತ್ಯಕ್ಕಿಂತ ಪೂರ್ತಿ ಒದ್ದೆಯೇ ವಾಸಿ.

ಕಾಗದದ ಸ್ವಭಾವವನ್ನಂತೂ ಹೇಳಿ ಮುಗಿಸುವಂತಿಲ್ಲ. ಯಂತ್ರದಲ್ಲಿ ಮಾಡಿದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಒದ್ದೆಯಾದರೆ ನಾರು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತದೆ. ಅದಕ್ಕೇ ಅಂಟು ಹಚ್ಚಿದ ಹಾಳೆ ಒಂದೇ ಕಡೆಗೆ ಸುರುಳಿ ಸುತ್ತಿಕೊಳ್ಳುವುದು. ನಾರಿನ ದಿಕ್ಕು ತಿಳಿಯಬೇಕಾದರೆ ಹಾಳೆಯ ತುದಿ ಹರಿದು ನೋಡಬೇಕು. ಒಂದು ಕಡೆಗೆ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆಗೆ ವಕ್ರವಾಗಿ. ಒಣಗುವಾಗ ಹಾಳೆ ಮತ್ತೆ ಕುಗ್ಗುತ್ತದೆ, ಕುಗ್ಗುತ್ತ ತನ್ನ ಅಡಿಯ ರಟ್ಟನ್ನೂ ಎಳೆದು ಬಗ್ಗಿಸುತ್ತದೆ. ಇದಕ್ಕಿರುವ ಉಪಾಯ ಹಳೆಯದು, ಬೈಂಡಿಂಗ್ ಮಾಡುವವರಿಗೆಲ್ಲ ಗೊತ್ತಿರುವಂಥದು: ರಟ್ಟಿನ ಹಿಂಬದಿಗೂ ಅಷ್ಟೇ ಅಗಲದ ಒಂದು ಕಾಗದ ಅಂಟಿಸುವುದು. ಎರಡು ಕಡೆಯವರೂ ಸಮನಾಗಿ ಜಗ್ಗಿದರೆ ರಟ್ಟು ನಡುವೆ ನೆಟ್ಟಗೆ ನಿಲ್ಲುತ್ತದೆ.

ಈ ಹಿಂಬದಿಯ ಕಾಗದ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಅಲ್ಲಿ ಮುಂಬದಿಗೆ ಒಗ್ಗದ, ಎಸೆಯಲೂ ಮನಸ್ಸು ಬಾರದ ಹಾಳೆಗಳನ್ನು ಹಚ್ಚುತ್ತೇನೆ. ಮಗಳು ಎರಡನೇ ಕ್ಲಾಸಿನಲ್ಲಿ ಬರೆದ ಕಾಪಿ, ಬಣ್ಣ ಪರೀಕ್ಷೆ ಮಾಡಿದ ಚೂರು, ಯಾವುದೋ ಮದುವೆಯ ಕರೆಯೋಲೆಯ ಲಕೋಟೆ. ನನ್ನ ಕೆಲಸ ಕೊಂಡವರ ಮನೆಯ ಗೋಡೆಗಳು ಹಗಲಿರುಳು ನೋಡುತ್ತಿರುವುದು ಈ ಇನ್ನೊಂದು ಪ್ರದರ್ಶನವನ್ನು. ಕೆಲವು ಸಲ ಮುಂದಿನದಕ್ಕಿಂತ ಹಿಂದಿನದೇ ಚೆನ್ನಾಗಿ ಬಂದಿರುತ್ತದೆ. ಹೇಳುವ ಹಾಗಿಲ್ಲ.

ಅಂಟಿಸಿದ ವಸ್ತುವಿಗೆ ಚಿತ್ರದ ಮರ್ಯಾದೆ ಸಿಕ್ಕಿದ್ದು ಹೆಚ್ಚು ಹಿಂದೇನಲ್ಲ. ಪಿಕಾಸೊ 1912ರಲ್ಲಿ, ಕುರ್ಚಿಯ ಬೆತ್ತದ ಹೆಣಿಗೆಯನ್ನು ಅಚ್ಚೊತ್ತಿದ್ದ ಎಣ್ಣೆಬಟ್ಟೆಯೊಂದನ್ನು ಕ್ಯಾನ್ವಾಸಿಗೆ ಅಂಟಿಸಿ, ಅದರ ಸುತ್ತಲೂ ಮೇಲೂ ಬಣ್ಣ ಬಳಿದು, ಚೌಕಟ್ಟಿನ ಬದಲು ಹಗ್ಗ ಸುತ್ತಿದ. ಅದೇ ವರ್ಷ ಅವನ ಗೆಳೆಯ ಬ್ರಾಕ್, ಮರದ ಗೆರೆಗಳಿದ್ದ ಗೋಡೆಕಾಗದವನ್ನು ಅವಿನ್ಯೋನ್ ಊರಿನ ಅಂಗಡಿಯೊಂದರಲ್ಲಿ ಕಂಡು ಕೊಂಡುತಂದು ಕತ್ತರಿಸಿ ತನ್ನ ರೇಖಾಚಿತ್ರಕ್ಕೆ ಹಚ್ಚಿದ. ಆಮೇಲೆ ಇಬ್ಬರೂ ಸುದ್ದಿಪತ್ರಿಕೆಗೆ ಕೈಹಾಕಿದರು. ಪತ್ರಿಕೆಯ ಕಾಗದದಲ್ಲಿ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಬಿಗಿದಿಡುವ ಅಂಶ, ಉಳಿದಿರುತ್ತದೆ, ಬೆಳಕು ಗಾಳಿ ತಾಗಿದರೆ ಕಂದುತ್ತದೆ. ಅವರು ಹಚ್ಚಿದಾಗ ಬೆಳ್ಳಗಿದ್ದ ಚೂರುಗಳು ಇವತ್ತು ಮ್ಯೂಸಿಯಮ್ಮುಗಳಲ್ಲಿ ಕಂದುಬಣ್ಣಕ್ಕೆ ತಿರುಗಿವೆ. ನಾವು ಆ ಹೊಂಬಣ್ಣಕ್ಕೆ ಮರುಳಾಗಿ ‘ಎಂಥ ಹದ!’ ಎನ್ನುತ್ತೇವೆ. ಆ ಹದ ಅವರದಲ್ಲ, ನೂರು ವರ್ಷದ ಗಾಳಿಯದು. ಪತ್ರಿಕೆಯ ಚೂರು ಬೇಕಾದರೆ ಒಳ್ಳೆಯ ಕಾಗದಕ್ಕೆ ನಕಲು ತೆಗೆದು ಅಂಟಿಸುವುದು ಈಗಿನ ಜಾಣತನ. ನಾನೂ ಹಾಗೇ ಮಾಡುತ್ತೇನೆ, ಆದರೆ ಬೆರಳಿಗೆ ಮಸಿ ಹತ್ತದ ಪತ್ರಿಕೆಯ ಮೇಲೆ ನನಗೆ ಪೂರ್ತಿ ನಂಬಿಕೆ ಬಂದಿಲ್ಲ.

ಒಣಗುವ ವಿಷಯ ಬಂದಾಗ ಕುರ್ಟ್ ಶ್ವಿಟ್ಟರ್ಸ್‌ನನ್ನು ಬಿಡುವಂತಿಲ್ಲ. ಟ್ರ್ಯಾಮಿನ ಟಿಕೆಟ್ಟು, ಹರಿದ ಪೊಟ್ಟಣ, ದಾರದ ತುಂಡುಗಳಿಂದಲೇ ಹೆಸರು ಮಾಡಿದ ಜರ್ಮನ್ ಕಲಾವಿದ. ನಾಜಿಗಳಿಂದ ತಪ್ಪಿಸಿಕೊಂಡು ನಾರ್ವೆಯ ಮೂಲಕ ಬ್ರಿಟನ್ ಸೇರಿದರೆ, ಬ್ರಿಟಿಷರು 1940ರಲ್ಲಿ ಶತ್ರುದೇಶದವನೆಂದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿದರು. ಶಿಲ್ಪ ಮಾಡಲು ಗಾರೆಯಿಲ್ಲ. ಬೆಳಗಿನ ತಟ್ಟೆಯಲ್ಲಿ ಮಿಕ್ಕ ಓಟ್ಸ್ ಗಂಜಿಯನ್ನೇ ಒಟ್ಟುಮಾಡಿ ಶಿಲ್ಪಗಳನ್ನು ಕಟ್ಟಿದ. ಗಂಜಿ ಪೂರ್ತಿ ಒಣಗುವ ವಸ್ತುವಲ್ಲ. ಬೂಷ್ಟು ಹಿಡಿದು ಹಸಿರು ರೋಮ ಬಂತು, ವಾಸನೆಯೂ ಬಂತು. ಅವುಗಳಲ್ಲಿ ಒಂದೂ ಉಳಿದಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಏನಾದರೂ ಮಾಡದೆ ಇರಲಾರೆ ಎಂಬ ಚಟ ಸೆರೆಯಲ್ಲೂ ಬಿಡುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಘಮಘಮಿಸುವ ಸಾಕ್ಷಿ ನನಗೆ ಗೊತ್ತಿಲ್ಲ.

ಇಂಥ ಚಟವಿರುವವರ ಮನೆಯಲ್ಲಿ ಗೋಂದು ಹಚ್ಚುವ ಮೊದಲೇ ಇನ್ನೊಂದು ಬಗೆಯ ಕಾಯುವಿಕೆ ನಡೆದಿರುತ್ತದೆ. ಡಬ್ಬಿಗಳೊಳಗಿನದು. ಒಂಟಿ ಗುಂಡಿಗಳು, ಲೇಸಿನ ತುಂಡು, ನಿಂತುಹೋದ ಗಡಿಯಾರದ ಹಲ್ಲುಚಕ್ರ, ಯಾವ ಬೀಗಕ್ಕೂ ಸೇರದ ಕೀಲಿಕೈ. ಇವು ಬಂದ ದಿನವೇ ಚಿತ್ರಕ್ಕೆ ಹೋಗುವುದಿಲ್ಲ. ಬಂದ ದಿನ ಅವಕ್ಕೆ ತಮ್ಮ ಹಳೆಯ ಕೆಲಸದ ನೆನಪು ಗಟ್ಟಿಯಾಗಿರುತ್ತದೆ. ಗುಂಡಿ ಅಂಗಿಯದೇ ಆಗಿರುತ್ತದೆ, ಕೀಲಿಕೈ ಬೀಗವನ್ನೇ ಹುಡುಕುತ್ತಿರುತ್ತದೆ. ಆಗಲೇ ಅಂಟಿಸಿದರೆ ಚಿತ್ರದಲ್ಲಿ ‘ಇಲ್ಲೊಂದು ಕೀಲಿಕೈ ಇದೆ’ ಎನ್ನುವುದು ಬಿಟ್ಟು ಬೇರೇನೂ ಕಾಣುವುದಿಲ್ಲ. ಡಬ್ಬಿಯಲ್ಲಿ ಒಂದೆರಡು ಮಳೆಗಾಲ ಕಳೆದ ಮೇಲೆ ಅದು ಬರೀ ಒಂದು ಉದ್ದಗೆರೆ, ತುದಿಯಲ್ಲೊಂದು ಸೊನ್ನೆ. ಆಗ ಕೆಲಸಕ್ಕೆ ಬರುತ್ತದೆ.

ಇದನ್ನು ಮನೆಯವರಿಗೆ ವಿವರಿಸುವುದು ಕಷ್ಟ. ‘ಅಮ್ಮಾ, ಈ ಡಬ್ಬಿ ಎಸೀಲಾ?’ ಎನ್ನುತ್ತಾಳೆ ಮಗಳು. ‘ಬೇಡ, ಅದು ಇನ್ನೂ ಆಗ್ತಾ ಇದೆ.’ ‘ಏನಾಗ್ತಾ ಇದೆ?’ ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನ್ಯೂಯಾರ್ಕಿನಲ್ಲಿದ್ದ ಕಲಾವಿದ ಜೋಸೆಫ್ ಕಾರ್ನೆಲ್‌ನ ತಾಯಿಗೂ ಇದೇ ಪಾಡು ಇದ್ದಿರಬೇಕು. ಅವನು ಚಿತ್ರಶಾಲೆಯಲ್ಲಿ ಕಲಿತವನಲ್ಲ. ಹಗಲು ಬಟ್ಟೆ ಉದ್ಯಮದಲ್ಲಿ ನೌಕರಿ, ಮನೆಯಲ್ಲಿ ತಾಯಿ ಮತ್ತು ನಡೆಯಲಾಗದ ತಮ್ಮ. ಅವರು ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಗಾಜಿನ ಮುಚ್ಚಳದ ಮರದ ಪೆಟ್ಟಿಗೆಗಳೊಳಗೆ ಲೋಕಗಳನ್ನು ಜೋಡಿಸುತ್ತ ಕೂರುತ್ತಿದ್ದ. ಆಮೇಲೆ ನೆಲಮಾಳಿಗೆಯನ್ನೇ ಹಿಡಿದ, ಅಲ್ಲಿ ತಾನು ಕೂಡಿಹಾಕಿದ್ದನ್ನೆಲ್ಲ ಹೆಸರು ಬರೆದ ಡಬ್ಬಿಗಳಲ್ಲಿ ಇಟ್ಟಿದ್ದ. ಕೆಲವು ಪೆಟ್ಟಿಗೆಗಳು ಮುಗಿಯಲು ವರ್ಷಗಳೇ ಹಿಡಿದವು. ಅಮೆರಿಕ ಬಿಟ್ಟು ಹೊರಗೆ ಕಾಲಿಡದವನ ಪೆಟ್ಟಿಗೆಗಳಲ್ಲಿ ಯೂರೋಪಿನ ಹೋಟೆಲುಗಳ ಹೆಸರುಗಳು ಸಾಲುಸಾಲಾಗಿವೆ. ಅವನನ್ನು ಯಾರಾದರೂ ‘ಎಷ್ಟು ಹೊತ್ತು ಹಿಡೀತು?’ ಎಂದು ಕೇಳಿದ್ದರೆ ಏನು ಹೇಳುತ್ತಿದ್ದನೋ.

ಡಬ್ಬಿಗಳ ಸುದ್ದಿ ಊರಿಗೆ ತಿಳಿದರೆ ಇನ್ನೊಂದು ಫಜೀತಿ. ‘ನಿಮಗೆ ಉಪಯೋಗಕ್ಕೆ ಬರಬಹುದು ಅಂತ ತಂದೆ’ ಎಂದು ಬಾಗಿಲಿಗೆ ಬರುವವರು ಶುರುವಾಗುತ್ತಾರೆ. ಒಡೆದ ಬಳೆ, ಮುರಿದ ಕನ್ನಡಕ, ಹೊಲಿಗೆಯಲ್ಲಿ ಮಿಕ್ಕ ಚಿಂದಿ, ಒಮ್ಮೆ ಒಂದು ಇಡೀ ಮಿಕ್ಸರಿನ ಮೋಟಾರು. ಬಹಳ ಜನಕ್ಕೆ ವಸ್ತುವನ್ನು ಎಸೆಯುವುದು ಪಾಪವೆನ್ನಿಸುತ್ತದೆ, ಇಟ್ಟುಕೊಳ್ಳುವುದು ಜಾಗಕ್ಕೆ ತೊಂದರೆ. ಅವರಿಗೆ ಬೇಕಾಗಿರುವುದು ಗೌರವಸ್ಥ ಕಸದ ಬುಟ್ಟಿ. ನಾನು ಆ ಹುದ್ದೆಯಲ್ಲಿದ್ದೇನೆ. ಬೇಸರವಿಲ್ಲ. ‘ಕಸದಿಂದ ರಸ’ ಎಂದು ಹೊಗಳುವವರ ಮೇಲೆ ಮಾತ್ರ ಸ್ವಲ್ಪ ಸಿಟ್ಟಿದೆ. ಗುಂಡಿಗೆ ಕಸವೆಂದು ಮೊದಲೇ ತೀರ್ಪು ಕೊಟ್ಟು ಆಮೇಲೆ ನನಗೆ ಶಾಲು ಹೊದಿಸುವುದು ಯಾವ ನ್ಯಾಯ?

ಈ ಕಾಯುವಿಕೆಯ ಕಾಲದಲ್ಲಿ ಆಗುವುದಾದರೂ ಏನು? ನನ್ನ ಮಟ್ಟಿಗೆ ಚಿತ್ರದ ಮುಖ್ಯ ತೀರ್ಮಾನಗಳೆಲ್ಲ ಅದನ್ನು ಮುಟ್ಟಬಾರದ ಹೊತ್ತಿನಲ್ಲೇ ಆಗಿವೆ. ಕೈಯಲ್ಲಿ ಕುಂಚ ಇರುವಾಗ ಕಾಣುವುದು ಕುಂಚದ ತುದಿ ಮಾತ್ರ. ಪೊರಕೆ ಹಿಡಿದು ಅದೇ ಮೇಜಿನ ಪಕ್ಕ ಹಾದುಹೋಗುವಾಗ, ಬೇರೇನನ್ನೋ ಯೋಚಿಸುತ್ತಿರುವಾಗ, ಕಣ್ಣಂಚಿನಲ್ಲಿ ಬಲಮೂಲೆಯ ಕೆಂಪು ಜೋರಾಗಿ ಕೂಗುವುದು ಕಾಣುತ್ತದೆ. ಅದನ್ನು ಅಡಗಿಸಲು ಈಗಲೇ ಕೈ ತುರಿಸುತ್ತದೆ, ಆದರೆ ಅಂಟು ಇನ್ನೂ ಹಸಿ. ಮತ್ತೆ ಹಾದುಹೋಗುವಾಗ ಕೆಂಪು ಸರಿಯಾಗಿಯೇ ಇದೆ, ಅದಕ್ಕೆ ಎದುರಾಡುವವರು ಎಡಗಡೆ ಯಾರೂ ಇಲ್ಲ ಎಂದು ತಿಳಿಯುತ್ತದೆ. ಸಂಜೆಗೆ ಒಣಗಿದ ಮೇಲೆ ಹಳೆಯ ಪಾಲಿಸ್ಟರ್ ಸೀರೆಯ ಅಂಚಿನ ಒಂದು ಹಸಿರು ಎಳೆ ಎಡಗಡೆಗೆ ಹೋಗಿ ಕೂರುತ್ತದೆ. ಗೋಂದು ಬೇಗ ಒಣಗಿದ್ದರೆ ಮೊದಲ ಸಿಟ್ಟಿಗೇ ಕೆಂಪು ಬಲಿಯಾಗುತ್ತಿತ್ತು.

ಎಣ್ಣೆಬಣ್ಣ ಬಳಸುವವರ ತಾಳ್ಮೆಗೆ ನಮ್ಮ ಗೋಂದಿನ ತಾಳ್ಮೆ ಸಾಟಿಯಲ್ಲ. ಎಣ್ಣೆ ಆರುವುದಿಲ್ಲ, ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ, ದಪ್ಪಗಿದ್ದರೆ ತಿಂಗಳುಗಟ್ಟಲೆ. ಆದ್ದರಿಂದ ಆಕ್ರಿಲಿಕ್ಕಿನ ಮೇಲೆ ಎಣ್ಣೆಬಣ್ಣ ಬರಬಹುದು, ಎಣ್ಣೆಯ ಮೇಲೆ ಆಕ್ರಿಲಿಕ್ ಬಂದರೆ ಎಂದಾದರೂ ಸಿಪ್ಪೆ ಏಳುತ್ತದೆ. ನಿಧಾನದವರು ಮೇಲೆ, ಅವಸರದವರು ಕೆಳಗೆ. ಇಲ್ಲಿನ ಜಾತಿಪದ್ಧತಿ ಇಷ್ಟೇ.

ಎಲ್ಲರಿಗಿಂತ ಹೆಚ್ಚು ಕಾದವಳು ಇಂಗ್ಲೆಂಡಿನ ಮೇರಿ ಡಿಲೇನಿ. 1772ರಲ್ಲಿ, 72ರ ವಯಸ್ಸಿನಲ್ಲಿ, ಎರಡನೆಯ ಗಂಡನೂ ತೀರಿಕೊಂಡು ಗೆಳತಿಯ ಮನೆಯಲ್ಲಿದ್ದಾಗ, ಮೇಜಿನ ಮೇಲಿದ್ದ ಕೆಂಪು ಕಾಗದದ ಚೂರಿಗೂ ಪಕ್ಕದ ಜೆರೇನಿಯಂ ಹೂವಿನ ಎಸಳಿಗೂ ಬಣ್ಣ ಒಂದೇ ಎಂದು ಆಕೆಗೆ ಹೊಳೆಯಿತು. ಕತ್ತರಿ ತೆಗೆದುಕೊಂಡು ಕಾಗದದಲ್ಲೇ ಎಸಳು ಕತ್ತರಿಸಿ ಕಪ್ಪು ಹಾಳೆಗೆ ಅಂಟಿಸಿದಳು. ಒಳಗೆ ಬಂದ ಗೆಳತಿ ನಿಜವಾದ ಹೂವೆಂದೇ ತಿಳಿದಳಂತೆ. ಅಲ್ಲಿಂದ ಮುಂದೆ ಸುಮಾರು ಹತ್ತು ವರ್ಷ, ಕಣ್ಣು ಮಂಜಾಗುವವರೆಗೆ, ಸಾವಿರಕ್ಕೆ ಹತ್ತಿರವಾಗುವಷ್ಟು ಹೂಗಳು. ಒಂದೊಂದು ಹೂವಿಗೆ ನೂರಾರು ಚೂರು, ಕೆಲವಕ್ಕೆ ನಿಜವಾದ ಒಣ ಎಲೆಯೂ ಸೇರಿದೆ. ಅವೆಲ್ಲ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅದಕ್ಕೂ ಮೊದಲಿನ 72 ವರ್ಷ ಆಕೆ ಕಸೂತಿ ಹಾಕಿದ್ದಳು, ಚಿತ್ರ ಬರೆದಿದ್ದಳು, ಚಿಪ್ಪುಗಳಿಂದ ಗೋಡೆ ಸಿಂಗರಿಸಿದ್ದಳು, ತೋಟ ಬೆಳೆಸಿದ್ದಳು. ‘ಆ ಜೆರೇನಿಯಂಗೆ ಎಷ್ಟು ಹೊತ್ತು ಹಿಡೀತು?’ ಎಂದರೆ ಆ ಮಧ್ಯಾಹ್ನವೊಂದನ್ನೇ ಲೆಕ್ಕ ಹಿಡಿಯುವುದು ನನಗಂತೂ ಒಪ್ಪಿಗೆಯಿಲ್ಲ.

ಒಣಗಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ, ಭಾರ ಹೇರುವುದು. ಅಂಟು ಸೇರಿದ ಹಾಳೆ ಸಮತಟ್ಟಾಗಿ ನಿಲ್ಲಬೇಕಾದರೆ ಮೇಲೊಂದು ಮೇಣದ ಕಾಗದ, ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ಮನೆಯಲ್ಲಿರುವ ಅತಿ ತೂಕದ ಪುಸ್ತಕಗಳು. ಈ ಕೆಲಸಕ್ಕೆ ಕಾದಂಬರಿಗಳು ಸಾಲವು, ಕವನ ಸಂಕಲನಗಳ ಮಾತಂತೂ ಬೇಡ. ನಿಘಂಟು ಒಳ್ಳೆಯದು. ನಮ್ಮ ಮನೆಯ ನಿಘಂಟು ವರ್ಷದ ಹೆಚ್ಚಿನ ದಿನಗಳನ್ನು ಹೀಗೆ ಮಲಗಿಯೇ ಕಳೆಯುತ್ತದೆ, ಪದದ ಅರ್ಥ ಬೇಕಾದವರು ಪಾಳಿ ಹಚ್ಚಬೇಕು. ಈಗಲೂ ಅದು ಒಂದು ನೀಲಿ ಕಾಗದದ ಮೇಲೆ ಕೂತಿದೆ. ಈ ಬರಹದ ಅಲ್ಪಪ್ರಾಣ ಮಹಾಪ್ರಾಣಗಳ ಬಗ್ಗೆ ತಕರಾರು ಇರುವವರು ನಾಳೆ ಸಂಜೆಯವರೆಗೆ ತಡೆದುಕೊಳ್ಳಬೇಕಾಗಿ ವಿನಂತಿ.