ಕೆಳಗೆ ಇಡುವ ಮಾತ್ರೆಯೂ ಮಾತ್ರೆಯೇ

ಇದನ್ನು ಬರೆಯಬೇಕೋ ಬೇಡವೋ ಅಂತ ಒಂದು ವಾರದಿಂದ ಯೋಚನೆ ಮಾಡ್ತಾ ಇದ್ದೆ. ನಮ್ಮ ಕಡೆ ಈ ವಿಷಯ ಯಾರೂ ಬಾಯಿಬಿಟ್ಟು ಮಾತಾಡೋದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಪೇಪರ್ ಸುತ್ತಿ ಕೊಡ್ತಾರೆ. ನಾವೂ ಬ್ಯಾಗಿನ ತಳಕ್ಕೆ ತುರುಕಿಕೊಂಡು ಬರ್ತೀವಿ. ಸಪೋಸಿಟರಿ. ಗುದದ್ವಾರದಲ್ಲಿ ಇಡುವ ನೋವಿನ ಮಾತ್ರೆ. ಸಿಸೇರಿಯನ್ ಆದ ಹೆಂಗಸರಿಗೆ, ಪೈಲ್ಸ್ ಆಪರೇಷನ್ ಆದವರಿಗೆ, ಕಿಡ್ನಿ ಕಲ್ಲಿನ ನೋವಲ್ಲಿ ಒದ್ದಾಡಿದವರಿಗೆ ಇದು ಗೊತ್ತಿರುತ್ತೆ. ಆದರೆ ಮನೆಗೆ ಬಂದ ಮೇಲೆ ಹೇಗೆ ಇಡಬೇಕು, ಎಷ್ಟು ದಿನ, ಜೊತೆಗೆ ಏನು ತಗೊಳ್ಳಬಾರದು ಅಂತ ಕೇಳೋಕೆ ನಾಚಿಕೆ. ಈ ನಾಚಿಕೆಗೆ ನಮ್ಮ ಅತ್ತೆಯ ಕಿಡ್ನಿ ಬೆಲೆ ತೆರಬೇಕಾಯ್ತು. ಅದಕ್ಕೇ ಬರೀತಿದ್ದೀನಿ.

ಅತ್ತೆಗೆ 67 ವರ್ಷ. ಆಲ್ದೂರಿನ ಹತ್ತಿರ ನಮ್ಮ ಕಾಫಿ ತೋಟ. ಕೈಬೆರಳು, ಮಣಿಕಟ್ಟು, ಮಂಡಿ ಎಲ್ಲಾ ಕಡೆ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚೋಕೆ ಆಗಲ್ಲ. ಹಾಲಿನ ಪಾತ್ರೆ ಎತ್ತಬೇಕಾದರೆ ಮುಕ್ಕಾಲು ಗಂಟೆ ಕೂತು ಕೈ ಉಜ್ಜಿಕೊಳ್ಳಬೇಕು. ನೋವಿನ ಮಾತ್ರೆ ಖಾಲಿ ಹೊಟ್ಟೇಲಿ ನುಂಗಿದರಂತೂ ವಾಂತಿ. ಹಾಗಾಗಿ ಚಿಕ್ಕಮಗಳೂರಿನ ಡಾಕ್ಟರು 100 ಮಿಲಿಗ್ರಾಂ ಡೈಕ್ಲೋಫೆನಾಕ್ ಸಪೋಸಿಟರಿ ಬರೆದುಕೊಟ್ಟರು. ರಾತ್ರಿ ಮಲಗುವಾಗ ಒಂದು, ಹತ್ತು ದಿನ. ಬೆಳಗಿನ ಬಿಗಿತಕ್ಕೆ ಇದನ್ನು ರಾತ್ರಿ ಕೊಡೋದು ವಾಡಿಕೆ. ಚೀಟಿ ಸರಿಯಾಗೇ ಇತ್ತು. ಉಳಿದದ್ದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮೊದಲ ರಾತ್ರಿ ಏನಾಯ್ತು ಹೇಳ್ತೀನಿ. ಸ್ಟ್ರಿಪ್ಪನ್ನು ಒಲೆ ಪಕ್ಕದ ಶೆಲ್ಫಲ್ಲಿ ಇಟ್ಟಿದ್ದೆ. ಬಿಚ್ಚಿದರೆ ಬೆಣ್ಣೆ ತರಹ ಕೈಗೆ ಮೆತ್ತಿಕೊಂಡಿತು. ಇದು ಮೈ ಬಿಸಿಗೆ ಕರಗಲಿ ಅಂತಲೇ ಒಂದು ಬಗೆಯ ಕೊಬ್ಬಿನಲ್ಲಿ ಮಾಡಿರೋ ಮದ್ದು, ಒಲೆ ಬಿಸಿಗೆ ಉಳಿಯುತ್ತಾ? ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದರು. "ಏನ್ ಕರ್ಮ ಬಂತು ನಂಗೆ. ಬೇಡ ಬಿಡು, ನೋವೇ ವಾಸಿ" ಅಂದರು. ದನಿ ನಡುಗುತ್ತಿತ್ತು. ಮೂರು ಮಕ್ಕಳನ್ನು ಹೆತ್ತು, ಮಾವನವರು ಹಾಸಿಗೆ ಹಿಡಿದಾಗ ಎರಡು ವರ್ಷ ಎಲ್ಲವನ್ನೂ ಎತ್ತಿ ಹಾಕಿದ ಹೆಂಗಸು. ತನ್ನ ಸರದಿ ಬಂದಾಗ ಸೊಸೆ ಮುಂದೆ ಮುದುಡಿಹೋದರು. ಅವತ್ತು ಬೇಡ ಅಂತ ಬಿಟ್ಟೆ.

ಮಾರನೇ ದಿನ ನರ್ಸ್ ಕೆಲಸದಲ್ಲಿರೋ ಗೆಳತಿಗೆ ಫೋನ್ ಮಾಡಿದೆ. ಅವಳು ಹೇಳಿಕೊಟ್ಟಿದ್ದನ್ನು ಹಾಗೇ ಹೇಳ್ತೀನಿ, ಯಾರಿಗಾದರೂ ಬೇಕಾಗುತ್ತೆ. ತಂಪು ಜಾಗದಲ್ಲಿಡಿ. ಮೆತ್ತಗಾಗಿದ್ದರೆ ಕವರ್ ಸಮೇತ ಸ್ವಲ್ಪ ಹೊತ್ತು ತಣ್ಣೀರಲ್ಲೋ ಫ್ರಿಜ್ಜಲ್ಲೋ ಇಟ್ಟರೆ ಗಟ್ಟಿಯಾಗುತ್ತೆ. ಆಮೇಲೆ ಕವರ್ ಪೂರ್ತಿ ಬಿಚ್ಚಬೇಕು. ಅದಕ್ಕೆ ಮುಂಚೆ ಟಾಯ್ಲೆಟ್ಟಿಗೆ ಹೋಗಿ ಬರಬೇಕು, ಇಲ್ಲದಿದ್ದರೆ ಮದ್ದು ಹೊರಗೆ ಬಂದುಬಿಡುತ್ತೆ. ಕೈ ತೊಳೆದು, ಎಡಮಗ್ಗುಲಿಗೆ ಮಲಗಿಸಿ, ಮೇಲಿನ ಮಂಡಿಯನ್ನು ಎದೆ ಕಡೆ ಮಡಚಿಸಿ. ಮದ್ದಿನ ಚೂಪು ತುದಿಗೆ ಎರಡು ಹನಿ ನೀರು ಸವರಿದರೆ ಸಾಕು, ವ್ಯಾಸಲೀನ್ ಬೇಡ. ಉಸಿರು ಬಿಡುವಾಗ ಮೆಲ್ಲಗೆ ಒಳಗೆ ತಳ್ಳಿ. ದೊಡ್ಡವರಿಗೆ ಬೆರಳಿನ ಒಂದು ಗೆಣ್ಣಿನಷ್ಟು ಒಳಗೆ ಹೋಗಬೇಕು. ಆಮೇಲೆ ಕಾಲು ಗಂಟೆ ಅಲ್ಲಾಡದೆ ಮಲಗಿರಲಿ. ಒಂದು ಗಂಟೆ ಟಾಯ್ಲೆಟ್ಟಿಗೆ ಹೋಗದಿದ್ದರೆ ಒಳ್ಳೇದು. ಮತ್ತೆ ಕೈ ತೊಳೀರಿ. ಇನ್ನೊಂದು ಮಾತು, ಇದನ್ನು ಬಾಯಿಗೆ ಹಾಕಿ ನುಂಗಬಾರದು. "ನಮ್ಮ ವಾರ್ಡಲ್ಲಿ ನುಂಗಿದವರನ್ನೂ ನೋಡಿದ್ದೀನಿ, ಯಾರೂ ಹೇಳದಿದ್ದರೆ ಪಾಪ ಅವರಿಗೆ ಹೇಗೆ ಗೊತ್ತಾಗಬೇಕು" ಅಂದಳು.

ಎರಡನೇ ರಾತ್ರಿ ದೀಪ ಸಣ್ಣ ಮಾಡಿ, ಮೇಲೆ ಒಂದು ಶಾಲು ಹೊದಿಸಿ, ಏನು ಮಾಡ್ತಿದ್ದೀನಿ ಅಂತ ಒಂದೊಂದೇ ಹೇಳುತ್ತಾ ಇಟ್ಟೆ. ಅರ್ಧ ನಿಮಿಷದ ಕೆಲಸ. "ಇಷ್ಟೇನಾ?" ಅಂದರು ಅತ್ತೆ. ನಾಲ್ಕನೇ ಬೆಳಿಗ್ಗೆ ನಾನು ಏಳೋಷ್ಟರಲ್ಲಿ ಅವರೇ ಹಾಲು ಕಾಯಿಸಿ ಕಾಫಿ ಸೋಸಿದ್ದರು. ಎಷ್ಟು ಖುಷಿಯಾಯ್ತು ಗೊತ್ತಾ. ಮದ್ದು ಕೆಟ್ಟದ್ದು ಅಂತ ನಾನು ಇಲ್ಲಿ ಹೇಳ್ತಿಲ್ಲ. ವಾಂತಿ ಆಗುವವರಿಗೆ, ನುಂಗೋಕೆ ಆಗದವರಿಗೆ, ಆಪರೇಷನ್ ಆಗಿ ಬಾಯಿಗೆ ಏನೂ ಕೊಡಬಾರದು ಅಂದವರಿಗೆ ಇದು ನಿಜವಾಗಲೂ ದೊಡ್ಡ ಆಸರೆ.

ತಪ್ಪಾಗಿದ್ದು ಆಮೇಲೆ. ಹತ್ತು ದಿನ ಮುಗೀತು. ರೋಬಸ್ಟಾ ಕುಯ್ಲಿನ ಸಮಯ, ಡಾಕ್ಟರ ಹತ್ತಿರ ಹೋಗೋಕೆ ಯಾರಿಗೂ ಬಿಡುವಿಲ್ಲ. ಮೆಡಿಕಲ್ಲಲ್ಲಿ ಹಳೇ ಸ್ಟ್ರಿಪ್ ತೋರಿಸಿದರೆ ಕೊಟ್ಟರು. ಡೈಕ್ಲೋಫೆನಾಕ್ ಷೆಡ್ಯೂಲ್ ಎಚ್ ಔಷಧಿ, ಡಾಕ್ಟರ ಚೀಟಿ ಇಲ್ಲದೆ ಮಾರಬಾರದು. ಆದರೂ ಕೊಡ್ತಾರೆ, ನಾವೂ ತಗೊಳ್ತೀವಿ. ಇಪ್ಪತ್ತು ದಿನ ದಾಟಿತು. ಒಂದು ಸಂಜೆ ಅತ್ತೆಯ ಕಾಲಿನ ಚೈನು ಬಿಗಿಯಾಗಿ ಚರ್ಮದೊಳಗೆ ಹೂತಿರೋದು ಕಾಣಿಸಿತು. ಬೆರಳಿಂದ ಒತ್ತಿದರೆ ಗುಳಿ ಹಾಗೇ ನಿಂತಿತು. ಮೂತ್ರವೂ ಕಮ್ಮಿಯಾಗಿದೆ ಅಂದರು. ರಕ್ತ ಪರೀಕ್ಷೆ ಮಾಡಿಸಿದೆವು. ಕಿಡ್ನಿ ಹೊರಗೆ ಹಾಕಬೇಕಾದ ಕಸ ಕ್ರಿಯಾಟಿನಿನ್, ಅದು ರಕ್ತದಲ್ಲಿ ಏರಿದರೆ ಕಿಡ್ನಿ ಸೋತಿದೆ ಅಂತ ಅರ್ಥ. ಅದು 2.3. ಹಿಂದಿನ ವರ್ಷ 0.9 ಇತ್ತು.

ಬೇಲೂರು ದಾಟಿ ಹಾಸನಕ್ಕೆ ಕರೆದುಕೊಂಡು ಹೋದೆವು. ಕಿಡ್ನಿ ಡಾಕ್ಟರು ಕೇಳಿದ ಮೊದಲ ಮಾತು, "ನೋವಿಗೆ ಏನೇನು ತಗೊಳ್ತೀರಮ್ಮ?" ಅತ್ತೆ ಮೆಲ್ಲಗೆ ಸೊಂಟದ ಚೀಲ ಬಿಚ್ಚಿದರು. ಅದರೊಳಗೆ, ಕೆಲಸಕ್ಕೆ ಬರುವ ಹೆಂಗಸು ಕೊಟ್ಟ ನೋವಿನ ಮಾತ್ರೆ, ಹಗಲು ಎರಡು ತಗೊಳ್ತಿದ್ದರಂತೆ. ಅದೂ ಡೈಕ್ಲೋಫೆನಾಕೇ, 50 ಮಿಲಿಗ್ರಾಂನದು. "ಅದು ಕೆಳಗಿಂದ ಇಡೋದು, ಇದು ಹೊಟ್ಟೆಗೆ ತಗೊಳ್ಳೋದು. ಬೇರೆ ಬೇರೆ ಅಲ್ವಾ ಡಾಕ್ಟ್ರೇ?" ಅಂದರು.

ಬೇರೆ ಅಲ್ಲ. ನಾನು ಎಲ್ಲರಿಗೂ ಹೇಳಬೇಕಾಗಿರೋದು ಇದೇ. ಎಲ್ಲಿಂದ ಹೋದರೂ ಮದ್ದು ಸೇರೋದು ರಕ್ತಕ್ಕೆ. ಡೈಕ್ಲೋಫೆನಾಕ್ ದೊಡ್ಡವರಿಗೆ ದಿನಕ್ಕೆ 150 ಮಿಲಿಗ್ರಾಂ ಮೀರಬಾರದು. ಈ ಲೆಕ್ಕದಲ್ಲಿ ಮಾತ್ರೆ, ಇಂಜೆಕ್ಷನ್, ಸಪೋಸಿಟರಿ ಎಲ್ಲಾ ಸೇರಬೇಕು. ಅತ್ತೆಗೆ ದಿನಾ 200 ಹೋಗ್ತಿತ್ತು. 150ರ ಒಳಗಿದ್ದರೆ ಏನೂ ಆಗಲ್ಲ ಅಂತಲೂ ಅಲ್ಲ. ಆದಷ್ಟು ಕಮ್ಮಿ ಡೋಸು, ಆದಷ್ಟು ಕಮ್ಮಿ ದಿನ. ಹೊಟ್ಟೆಗೂ ಇದೇ ಮಾತು. ಹೊಟ್ಟೆಯ ಒಳಪದರವನ್ನು ಆಸಿಡ್ಡಿನಿಂದ ಕಾಯುವ ಪ್ರೊಸ್ಟಗ್ಲಾಂಡಿನ್ ಅನ್ನೋ ವಸ್ತುವನ್ನು ಈ ಮದ್ದು ರಕ್ತದ ಮೂಲಕವೇ ಕಮ್ಮಿ ಮಾಡುತ್ತೆ. ಹಾಗಾಗಿ ಕೆಳಗಿಂದ ಇಟ್ಟರೂ ಅಲ್ಸರ್ ಆಗಬಹುದು, ರಕ್ತ ಸೋರಬಹುದು.

ಕಿಡ್ನಿಯದನ್ನು ಡಾಕ್ಟರು ಬಹಳ ಚೆನ್ನಾಗಿ ಹೇಳಿದರು. ಅತ್ತೆ ಬಿಪಿಗೆ ಟೆಲ್ಮಿಸಾರ್ಟಾನ್ ತಗೊಳ್ತಾರೆ, ಜೊತೆಗೆ ಮೂತ್ರ ಜಾಸ್ತಿ ಹೋಗುವ ಮಾತ್ರೆ. "ನೋವಿನ ಮದ್ದು ಕಿಡ್ನಿಗೆ ರಕ್ತ ಬರುವ ಪೈಪನ್ನು ಸಣ್ಣ ಮಾಡುತ್ತೆ. ಬಿಪಿ ಮಾತ್ರೆ ಹೊರಗೆ ಹೋಗುವ ಪೈಪನ್ನು ಅಗಲ ಮಾಡುತ್ತೆ. ಮೂತ್ರದ ಮಾತ್ರೆ ಟ್ಯಾಂಕಿನ ನೀರನ್ನೇ ಕಮ್ಮಿ ಮಾಡುತ್ತೆ. ಪ್ರೆಶರ್ ಎಲ್ಲಿಂದ ಬರಬೇಕು?" ಕಾಫಿ ಹೂ ಅರಳಲಿ ಅಂತ ಕೊಡುವ ನೀರಿಗೆ ಸ್ಪ್ರಿಂಕ್ಲರ್ ಪೈಪ್ ಜೋಡಿಸುವ ಯೋಚನೆಯಲ್ಲೇ ಇದ್ದ ನಮ್ಮ ಮನೆಯವರಿಗೆ ತಕ್ಷಣ ಅರ್ಥವಾಯ್ತು. "ಜೆಟ್ ತಿರುಗೋದೇ ಇಲ್ಲ" ಅಂದರು. ಡಾಕ್ಟರು ಹೌದು ಅಂತ ತಲೆಯಾಡಿಸಿದರು. ರಣಹದ್ದುಗಳ ಕಥೆ ಕೇಳಿರಬಹುದು ನೀವು. ಡೈಕ್ಲೋಫೆನಾಕ್ ಕೊಟ್ಟಿದ್ದ ದನಗಳು ಸತ್ತ ಮೇಲೆ ಅವನ್ನು ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸತ್ತವು. 2006ರಲ್ಲಿ ದನಗಳಿಗೆ ಈ ಔಷಧಿ ಕೊಡೋದನ್ನೇ ದೇಶದಲ್ಲಿ ನಿಲ್ಲಿಸಿದರು. ಮನುಷ್ಯರ ಕಿಡ್ನಿ ಅಷ್ಟು ಸೂಕ್ಷ್ಮ ಅಲ್ಲ, ನಿಜ. ಆದರೂ ಆ ಹೆಸರು ಈಗ ಕೇಳಿದರೆ ನನಗೆ ಅದೇ ನೆನಪಾಗುತ್ತೆ.

ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆಗಿರೋರು, ಆಸ್ಪಿರಿನ್ ತರದ ಮಾತ್ರೆಗೆ ಉಬ್ಬಸ ಬರೋರು, ಗುದದಲ್ಲಿ ರಕ್ತ ಹೋಗ್ತಿರೋರು ಇದನ್ನು ತಾವಾಗೇ ಮುಟ್ಟಬಾರದು. ಬಸುರಿಯರಂತೂ ಡಾಕ್ಟರು ಹೇಳದೆ ಬೇಡ, ಅದರಲ್ಲೂ ಐದು ತಿಂಗಳಾದ ಮೇಲೆ ಮಗುವಿನ ಕಿಡ್ನಿಗೆ, ಹೃದಯಕ್ಕೆ ಅಪಾಯ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಮೊದಲು ಅದನ್ನು ಹೇಳಿ. ವಾಂತಿ ಭೇದಿ ಆಗಿ ಮೈಯಲ್ಲಿ ನೀರಿಲ್ಲದಾಗ ನಿಲ್ಲಿಸಿ, ಡಾಕ್ಟರನ್ನು ಕೇಳಿ. ಮಕ್ಕಳಿಗೆ ಜ್ವರ ಬಂದಾಗ ಸಪೋಸಿಟರಿ ತರೋ ತಾಯಂದಿರೇ, ದಯವಿಟ್ಟು ಹೆಸರು ಓದಿ. ಪ್ಯಾರಾಸಿಟಮಾಲ್‌ದು ಬೇರೆ, ಡೈಕ್ಲೋಫೆನಾಕ್‌ದು ಬೇರೆ, ನೋಡೋಕೆ ಎರಡೂ ಒಂದೇ ತರ. ಮಳೆಗಾಲದಲ್ಲಿ ನಮ್ಮ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಲ್ಲಿ ಡೆಂಗಿ ಇರುತ್ತೆ. ಡೆಂಗಿಯಲ್ಲಿ ಡೈಕ್ಲೋಫೆನಾಕ್ ಕೊಟ್ಟರೆ ರಕ್ತಸ್ರಾವದ ಭಯ. ಇನ್ನು ಮಲ ಟಾರಿನಂತೆ ಕಪ್ಪಾದರೆ, ವಾಂತಿ ಫಿಲ್ಟರಿನ ಕಾಫಿ ಚರಟದಂತೆ ಬಂದರೆ, ಎದೆನೋವು, ಉಸಿರಾಟಕ್ಕೆ ಕಷ್ಟ, ಮುಖ ಊದಿಕೊಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಅತ್ತೆಯ ನೋವಿನ ಮದ್ದು ಎಲ್ಲಾ ಅವತ್ತೇ ನಿಂತಿತು. ಆರು ವಾರಕ್ಕೆ ಕ್ರಿಯಾಟಿನಿನ್ 1.3ಕ್ಕೆ ಇಳಿದಿದೆ. ಪೂರ್ತಿ ಹಿಂದಿನಂತೆ ಆಗುತ್ತೋ ಇಲ್ಲವೋ, ನೋಡೋಣ ಅಂದಿದ್ದಾರೆ. ಈಗ ಪ್ಯಾರಾಸಿಟಮಾಲ್, ಬಿಸಿನೀರಿನ ಶಾಖ, ಮತ್ತೆ ಸಂಧಿವಾತಕ್ಕೇ ಅಂತ ಬೇರೆ ಚಿಕಿತ್ಸೆ ಶುರುವಾಗಿದೆ. ಕೆಲವು ಬೆಳಿಗ್ಗೆ ಇನ್ನೂ ಕೈ ಉಜ್ಜಿಕೊಂಡು ಕೂತಿರ್ತಾರೆ.

ನಿನ್ನೆ ಪಕ್ಕದ ತೋಟದ ದೊಡ್ಡಮ್ಮ ಬಂದಿದ್ದರು. ಸೊಂಟ ಹಿಡಿದುಕೊಂಡಿದೆಯಂತೆ. ಅತ್ತೆಯ ಹತ್ತಿರ ಕೂತು, ದನಿ ತಗ್ಗಿಸಿ, "ಆ ಕೆಳಗೆ ಇಡೋದು ಉಳಿದಿದ್ರೆ ಎರಡು ಕೊಡೇ" ಅಂದರು. ಅತ್ತೆ ದನಿ ತಗ್ಗಿಸಲಿಲ್ಲ. "ಕೊಡಲ್ಲ. ಮೊದ್ಲು ನೀನು ಬಿಪಿಗೆ ಏನ್ ತಗೊಳ್ತೀಯ ಅದನ್ನ ತಂದು ತೋರ್ಸು" ಅಂದರು. ದೊಡ್ಡಮ್ಮ ಮನೆಗೆ ಹೋಗಿ ಸ್ಟ್ರಿಪ್ ತಂದರು. ಕನ್ನಡಕ ಹಾಕ್ಕೊಂಡು ಓದಿದೆ. ಟೆಲ್ಮಿಸಾರ್ಟಾನ್.